ಒಂದು ಗೇಣು ತಗ್ಗಿನಲ್ಲಿ ನೆಟ್ಟ ಹಲಗೆ

ಕಾಲುವೆಯ ಕೆಲಸಕ್ಕೆ ಹೊಸದಾಗಿ ಸೇರಿದವರು ಮೂರು ಜನ ಈಚೆಗೆ ನಮ್ಮ ಮನೆಗೆ ಬಂದು, "ಅಜ್ಜಾರ, ಈ ನೌಕರಿ ಖರೇ ಹೆಂಗಿರತದ ಅಂತ ನಾಕು ಪುಟ ಬರದ ಕೊಡ್ರಿ, ನಮಗ ಉಪಯೋಗ ಆದೀತು" ಎಂದರು. ಎರಡು ತಿಂಗಳ ಹಿಂದೆ ಕೇಳಿದ್ದರೆ ಚಂದದ ಸುಳ್ಳು ಬರೆದು ಕೊಡುತ್ತಿದ್ದೆ. ಪ್ರಾಮಾಣಿಕತೆ, ಸಮಯಪಾಲನೆ, ಮೇಲಧಿಕಾರಿಗಳ ಮೆಚ್ಚುಗೆ ಎಂದೆಲ್ಲ ಬರೆಯಲು ನನಗೆ ಬರುತ್ತದೆ. ನಿವೃತ್ತಿಯ ದಿನ ಅದನ್ನೇ ಭಾಷಣ ಮಾಡಿ ಹಾರ ಹಾಕಿಸಿಕೊಂಡವನು ನಾನು. ಈಗ ಆಗುವುದಿಲ್ಲ. ನಡುವೆ ಒಂದು ರವಿವಾರ ಬಂದುಹೋಯಿತು. ಅಂದಿನಿಂದ ಈ ಎಪ್ಪತ್ತೊಂದರ ವಯಸ್ಸಿನಲ್ಲಿ ಮೆಟ್ಟಿಲನ್ನು ಎರಡೆರಡಾಗಿ ಹತ್ತಬೇಕೆನಿಸುತ್ತದೆ, ಹಲ್ಲುಜ್ಜುವಾಗ ನಗು ಬರುತ್ತದೆ. ನನ್ನ ಹೆಂಡತಿ ಸುಧಾ, "ಒಮ್ಮೆ ಬಿ.ಪಿ. ನೋಡಿಸಿಕೋರಿ" ಎಂದಳು. ನೋಡಿಸಿದೆ. ಸರಿಯಾಗಿದೆ.

ಆದ್ದರಿಂದ ಇದು ತಪ್ಪೊಪ್ಪಿಗೆ. ನಡುನಡುವೆ ಕೆಲಸದ ಮಾತೂ ಬರುತ್ತದೆ.

ನಾನು ಹೂಲಿಯ ಪೂಜೆಯ ಮನೆತನದವನು. ಅಪ್ಪ, ಕಾಕಾ, ಅಣ್ಣಂದಿರು ಎಲ್ಲರೂ ಮಂತ್ರ ಬಲ್ಲವರು. ನನ್ನ ತಲೆಯಲ್ಲಿ ಮಂತ್ರ ನಿಲ್ಲಲಿಲ್ಲ, ಕುಸ್ತಿಯ ಪಟ್ಟುಗಳು ನಿಂತವು. ಹತ್ತನೆಯ ಇಯತ್ತೆಯನ್ನು ಎರಡನೆಯ ಸಲಕ್ಕೆ ಪಾಸು ಮಾಡಿ, ಸವದತ್ತಿಯ ಪಕ್ಕ ಹಾಯುವ ಒಂದು ಉಪಕಾಲುವೆಯ ಮೇಲೆ ಗೇಜ್ ರೀಡರ್ ಆಗಿ ಸೇರಿದೆ. ಜನ ನನ್ನನ್ನು ಗೇಜ್ ಭಟ್ಟರು ಎಂದರು. ಕೆಲಸ ದೊಡ್ಡದಲ್ಲ. ಕಾಲುವೆಯ ಬದಿಗೆ ಒಂದು ಹಲಗೆ ನೆಟ್ಟಿರುತ್ತದೆ, ಅದೇ ಗೇಜ್. ಅದರ ಮೇಲೆ ಅಡಿ, ಇಂಚುಗಳ ಗುರುತು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೀರು ಎಲ್ಲಿ ಮುಟ್ಟಿದೆ ಎಂದು ನೋಡಿ ವಹಿಯಲ್ಲಿ ಬರೆಯಬೇಕು. ಅದಕ್ಕೆ ತಕ್ಕಂತೆ ತೂಬಿನ ಬಾಗಿಲನ್ನು ಏರಿಸಬೇಕು ಇಲ್ಲವೆ ಇಳಿಸಬೇಕು. ಕೆಳಗಿನ ಹಳ್ಳಿಗಳ ಹೊಲಗಳಿಗೆ ಪಾಳಿಯ ಪ್ರಕಾರ ನೀರು ಹೋಗುವುದು ಈ ಒಂದು ಅಳತೆಯ ಮೇಲೆ. ಬಡ್ತಿ ಯಾವಾಗ ಸಿಕ್ಕಿತು ಎಂಬುದೆಲ್ಲ ಪೆನ್ಶನ್ ಕಾಗದದಲ್ಲಿದೆ, ನಿಮಗೆ ಬೇಡ.

ಸೇರಿದ ಮೊದಲ ತಿಂಗಳಲ್ಲೇ ಒಂದು ಮದುವೆಯ ಊಟ ಕೆಡಿಸಿದೆ. ಒಣಗಿದ ಕಾಲುವೆಗೆ ನೀರು ಬಿಡುವ ಮುಂಚೆ ದಂಡೆಯುದ್ದಕ್ಕೂ ಡಬ್ಬಿ ಬಡಿಯುತ್ತ ಸೈಕಲ್ ಮೇಲೆ ಹೋಗಿ ಜನರಿಗೆ ತಿಳಿಸಬೇಕು. ನಾನು ಡಬ್ಬಿ ಮರೆತು ಬಾಗಿಲು ಎತ್ತಿದೆ. ಮುಂದಿನ ಹಳ್ಳಿಯ ಸೇತುವೆಯ ಕೆಳಗೆ ನೆರಳು ಚೆನ್ನಾಗಿದೆಯೆಂದು ಕಾಲುವೆಯ ತಳದಲ್ಲೇ ಪಂಗತಿ ಹಾಕಿದ್ದರು. ನೀರು ಬಂದಾಗ ಬೀಗರು ಎಲೆ ಎತ್ತಿಕೊಂಡು ದಂಡೆ ಏರಿದರು, ಬುಂದಿ ಲಾಡು ಸಾಲಾಗಿ ತೇಲಿಹೋದವು. ವರನ ಸೋದರಮಾವ ಮಾತ್ರ ಮೊಣಕಾಲು ನೀರಿನಲ್ಲಿ ಎಲೆಯನ್ನು ಎದೆಗೆ ಹಿಡಿದು ನಿಂತು ಊಟ ಮುಗಿಸಿದ. ನಾನು ಓಡಿ ಹೋಗಿ ಕೈಮುಗಿದರೆ, "ನೀರು ಕೇಳಿದ್ವಿ ಖರೆ ಭಟ್ರ, ಇಷ್ಟ ಕೇಳಿದ್ದಿಲ್ಲ" ಎಂದ.

ಸಾಹೇಬರ ವಿಷಯಕ್ಕೆ ಬಂದರೆ, ಕಿತ್ತೂರಿನ ಕಡೆಯಿಂದ ವರ್ಗವಾಗಿ ಬಂದ ಒಬ್ಬರನ್ನು ಮರೆಯಲಾರೆ. ಕೆಟ್ಟವರಲ್ಲ. ಆದರೆ ವಹಿಯಲ್ಲಿ ಮಳೆ ಎಂದು ಬರೆದಿದ್ದರೆ ಬಿಸಿಲಲ್ಲೂ ಕೊಡೆ ಬಿಚ್ಚುವ ಮನುಷ್ಯ. ನನ್ನ ಅಕ್ಷರ ದುಂಡಗಿತ್ತು, ಅದಕ್ಕಾಗಿ ಅವರಿಗೆ ನಾನೆಂದರೆ ಪ್ರೀತಿ. ನಾನು ಗೇಜ್ ಹತ್ತಿರ ಹೋಗದೆಯೇ ಎಷ್ಟೋ ದಿನ ಅಳತೆ ಬರೆದೆನೆಂದು ಅವರಿಗೆ ತಿಳಿಯಲಿಲ್ಲ. ಹಲಗೆಯ ಪಕ್ಕದಲ್ಲಿ ಅರಿವೆ ಒಗೆಯುವ ಮೆಟ್ಟಿಲುಗಳಿದ್ದವು. ಮೂರು ಅಡಿ ನೀರಿದ್ದರೆ ಹೆಂಗಸರು ಮೇಲಿನಿಂದ ನಾಲ್ಕನೆಯ ಮೆಟ್ಟಿಲ ಮೇಲೆ ಕೂಡುವರು, ಎರಡೂವರೆ ಅಡಿ ಇದ್ದರೆ ಐದನೆಯದರ ಮೇಲೆ. ನಮ್ಮ ಮನೆಯ ಮಾಳಿಗೆಯ ಮೇಲೆ ನಿಂತರೆ ಇದು ಕಾಣುತ್ತಿತ್ತು. ಕೈಯಲ್ಲಿ ಚಹಾದ ಬಸಿ ಹಿಡಿದು, ಸೀರೆಗಳ ಸಾಲು ನೋಡಿ, ವಹಿ ಬರೆದುಬಿಡುತ್ತಿದ್ದೆ. ಇದನ್ನು ನೀವು ಮಾಡಬಾರದು. ಆದರೆ ಆ ಮೆಟ್ಟಿಲುಗಳು ನನಗೆ ಎಂದೂ ಸುಳ್ಳು ಹೇಳಲಿಲ್ಲ. ಅವುಗಳನ್ನು ನಂಬಬೇಕಾಗಿದ್ದ ಒಂದೇ ಒಂದು ವರ್ಷ ನಾನು ನಂಬಲಿಲ್ಲ.

ಆ ವರ್ಷ ಕಾಲುವೆ ಬಂದ್ ಆಗಿದ್ದಾಗ ಹಳೆಯ ಹಲಗೆ ಕೊಳೆತು ಹೋಗಿತ್ತು. ಹೊಸದಕ್ಕೆ ನಾನೇ ಪಡಸಾಲೆಯಲ್ಲಿ ಕುಳಿತು ಮೂರು ದಿನ ಬಣ್ಣ ಬಳಿದೆ, ಅಂಕಿ ಬರೆದೆ. ಹಲಗೆ ನೆಡುವುದರಲ್ಲಿ ಒಂದೇ ನಿಯಮ: ಸೊನ್ನೆಯ ಗುರುತು ಕಾಲುವೆಯ ತಳಕ್ಕೆ ಸರಿಯಾಗಿ ಕೂಡಬೇಕು. ನಾನು ಅಗೆದ ಕುಣಿ ಒಂದು ಗೇಣು ಹೆಚ್ಚು ಆಳವಾಯಿತು. ಕಲ್ಲಿನ ಕಡಿ ಹಾಕಿ, ದಮ್ಮಸು ಬಡಿದು, ಮತ್ತೆ ನಿಲ್ಲಿಸಬೇಕಿತ್ತು. ಒಂದು ತಾಸಿನ ಕೆಲಸ. ಆದರೆ ಅಂದು ಮಧ್ಯಾಹ್ನ ಮನೋಳಿಯಲ್ಲಿ ಕುಸ್ತಿ. ಬೈಲಹೊಂಗಲದ ಪೈಲವಾನನೊಬ್ಬ ಕೊಲ್ಲಾಪುರದವನ ಜೊತೆ ಹಿಡಿಯುವವನಿದ್ದ. ಮೂರರ ಬಸ್ಸು ಹೊರಡುವುದರಲ್ಲಿತ್ತು. ಹಲಗೆಯನ್ನು ಕುಣಿಯಲ್ಲಿ ಇಳಿಸಿ ಮಣ್ಣು ಎಳೆದೆ. ಸೊನ್ನೆ ಒಂದು ಗೇಣು ನೆಲದೊಳಗೆ ಹೋಯಿತು. ನಾಳೆ ಸರಿಮಾಡಿದರಾಯಿತು ಎಂದು ಬಸ್ಸು ಹಿಡಿದೆ. ಕುಸ್ತಿ ಒಂದು ನಿಮಿಷವೂ ನಡೆಯಲಿಲ್ಲ, ನಮ್ಮವನು ಅವನನ್ನು ಚಿತ್ ಮಾಡಿಬಿಟ್ಟ. ನಾನು ಟೊಪ್ಪಿಗೆ ಹಾರಿಸಿ ಕುಣಿದೆ.

ಮರುದಿನ ಬೆಳಿಗ್ಗೆಯೇ ನೀರು ಬಿಡುವ ಆದೇಶ ಬಂತು.

ಲೆಕ್ಕ ಸರಳ. ಹಲಗೆ ಮೂರು ಅಡಿ ತೋರಿಸಿದಾಗ ಕಾಲುವೆಯಲ್ಲಿ ನಿಜವಾಗಿ ಎರಡೂ ಕಾಲು ಅಡಿ ನೀರು. ವಹಿಯಲ್ಲಿ ಎಲ್ಲ ಸರಿ, ಕೊನೆಯ ಹಳ್ಳಿಯ ಹೊಲಗಳಿಗೆ ಮಾತ್ರ ನೀರು ಮುಟ್ಟದು. ಸುಧಾ ಅರಿವೆ ಒಗೆದು ಬಂದು, "ಅಲ್ರೀ, ನೀರು ಇಳದದ. ನಾವೆಲ್ಲಾ ಐದನೇ ಪಾವಟಿಗಿ ಮ್ಯಾಲ ಕೂಡಲಿಕ್ಕೆ ಹತ್ತೇವಿ" ಎಂದಳು. "ಹಲಿಗಿ ಮೂರು ತೋರಸತದ" ಎಂದು ಸುಮ್ಮನಾಗಿಸಿದೆ. ಕಾರಣ ನನಗೆ ಗೊತ್ತಿತ್ತು. ನಾನು ಮರೆತಿದ್ದೆ ಎಂದು ಬರೆದರೆ ಇಷ್ಟೆಲ್ಲ ಬರೆದು ಏನುಪಯೋಗ?

ಕೊನೆಯ ಹಳ್ಳಿಯ ಮಲ್ಲಪ್ಪ ಎಂಬ ರೈತ ಮೊದಲು ತಕರಾರು ಮಾಡಿದ. ಸಾಹೇಬರು ಬಂದು ವಹಿ ನೋಡಿದರು, ಹಲಗೆ ನೋಡಿದರು, ಎರಡೂ ಮೂರು ಅಡಿ. ಹಾಗಾದರೆ ನಡುವೆ ಯಾರೋ ನೀರು ಕದಿಯುತ್ತಿದ್ದಾರೆ ಎಂದು ದಂಡೆಯ ಮೇಲೆ ನಡೆದುಹೋದರು. ನಡುವಿನ ಹಳ್ಳಿಯಲ್ಲಿ ಗಂಡ ತೀರಿದ ಗಂಗವ್ವನ ಹೊಲ ಒಂದೇ ಹಸಿರಾಗಿತ್ತು. ದಂಡೆಯಿಂದ ಹೊಲದವರೆಗೆ ಒದ್ದೆ ಹೆಜ್ಜೆಗಳಿದ್ದವು. ದಂಡೆಯ ಬುಡಕ್ಕೆ ಬಸಿದ ನೀರು ನಿಲ್ಲುವಂತೆ ಆಕೆ ಒಂದು ಗುಂಡಿ ತೋಡಿದ್ದಳು, ಅದನ್ನು ಕೊಡದಿಂದ ಹೊತ್ತು ಹಾಕುತ್ತಿದ್ದಳು. ಹಾಗೆಂದು ಹೇಳಿದಳು ಕೂಡ. ಸಾಹೇಬರು ನನ್ನ ಕಡೆ ತಿರುಗಿ, "ಗೇಜ್ ಸರಿ ಅದ ಇಲ್ಲೋ?" ಎಂದರು.

"ಸರಿ ಅದ್ರಿ ಸರ್" ಎಂದೆ.

ನಮ್ಮ ಕಾಲುವೆಯಲ್ಲಿ ಆಗ ಒಂದು ಪದ್ಧತಿ ಇತ್ತು. ನೀರು ಕದ್ದವರ ಹೆಸರನ್ನು ತೂಬಿನ ಗೋಡೆಯ ಮೇಲೆ ಸುಣ್ಣದಲ್ಲಿ ಬರೆಯುವುದು, ಆ ಹಂಗಾಮಿಗೆ ಅವರ ಪಾಳಿ ಕಟ್ ಮಾಡುವುದು. ಅಕ್ಷರ ಚೆನ್ನಾಗಿದೆಯೆಂದು ಗಂಗವ್ವನ ಹೆಸರು ಬರೆಯಲು ನನಗೇ ಹೇಳಿದರು. ಬರೆದೆ. ಮುಂದಿನ ಬಂದ್‌ನಲ್ಲಿ ಯಾರಿಗೂ ಹೇಳದೆ ಹಲಗೆ ಕಿತ್ತು ಸರಿಯಾಗಿ ನೆಟ್ಟೆ. ಸುಣ್ಣ ಎರಡು ಮಳೆಗಾಲಕ್ಕೆ ಹೋಯಿತು. ಜನರ ಬಾಯಿಂದ ಹೋಗಲಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದನ್ನು ಇನ್ನೂ ಹೇಳಿಲ್ಲ. ತಕರಾರು ಮಾಡಿದ ಮಲ್ಲಪ್ಪ ಗಂಗವ್ವನ ಒಡಹುಟ್ಟಿದ ಅಣ್ಣ. ನನ್ನ ಪೀಕಿನ ನೀರು ತಂಗಿ ಕದ್ದಳು ಎಂದು ಅವನು ಆಕೆಯ ಮನೆಯ ಹಾದಿ ಬಿಟ್ಟ. ನಮ್ಮಲ್ಲಿ ನಾಗರ ಪಂಚಮಿಗೆ ಅಣ್ಣ ಹೋಗಿ ತಂಗಿಯನ್ನು ತವರಿಗೆ ಕರೆತರಬೇಕು. ಆ ವರ್ಷ ಅವನು ಹೋಗಲಿಲ್ಲ. ಅದರ ಮುಂದಿನ ವರ್ಷವೂ ಹೋಗಲಿಲ್ಲ. ಇಪ್ಪತ್ತಾರು ಪಂಚಮಿ ಹೀಗೆ ಹೋದವು.

ಗಂಗವ್ವ ಹೊಲವನ್ನು ಪಾಲಿಗೆ ಕೊಟ್ಟು ಸವದತ್ತಿಗೆ ಬಂದು ಬಸ್ ಸ್ಟ್ಯಾಂಡಿನ ಹತ್ತಿರ ಚುರಮುರಿ ಕಲಸಿದ ಗಿರಮಿಟ್ಟು, ಮಿರ್ಚಿ ಮಾರಲು ನಿಂತಳು. ನಾನು ಬಸ್ ಸ್ಟ್ಯಾಂಡಿಗೆ ಹೋಗಲು ಅರ್ಧ ಊರು ಸುತ್ತತೊಡಗಿದೆ. ಸುಧಾ ಇದನ್ನು ವಾಕಿಂಗ್ ಎಂದುಕೊಂಡು ನೆರೆಹೊರೆಗೆಲ್ಲ ಹೊಗಳಿದಳು.

ಈಗ ಅಳತೆಯ ಪದ್ಧತಿ ಬದಲಾಗಿದೆ. ಕಂಬದ ಮೇಲಿನ ಸೆನ್ಸರ್ ನೀರು ನೋಡಿ ಮೊಬೈಲಿಗೆ ಸಂದೇಶ ಕಳಿಸುತ್ತದೆ. ಒಳ್ಳೆಯದೇ. ಆದರೆ ಆ ಕಂಬವನ್ನೂ ಯಾರೋ ಒಬ್ಬ ಮನುಷ್ಯ ನೆಟ್ಟಿರುತ್ತಾನೆ, ಅವನಿಗೂ ಅಂದು ಬಸ್ಸಿಗೆ ಹೊತ್ತಾಗಿರಬಹುದು. ಅರಿವೆ ಒಗೆಯುವವರು ನೀರು ಇಳಿದಿದೆ ಎಂದರೆ ಮೊಬೈಲನ್ನು ಕಿಸೆಯಲ್ಲಿಟ್ಟು ಇಳಿದು ಹೋಗಿ ನೋಡಿ.

ಊರು ಬೆಳೆದು ನನ್ನ ಕಾಲುವೆಯ ಎರಡೂ ಕಡೆ ಮನೆಗಳಾದವು. ಹೊಲಗಳ ನೀರನ್ನು ಬೇರೆ ಕಡೆಯಿಂದ ತಿರುಗಿಸಿ, ಊರೊಳಗಿನ ತುಂಡನ್ನು ಈಚೆಗೆ ಅಂದ ಮಾಡಿದರು. ಎರಡೂ ದಂಡೆಗೆ ಕಲ್ಲು ಹಾಸಿ, ಬೆಂಚು, ದೀಪ, ತಿಂಡಿಯ ಅಂಗಡಿಗಳ ಸಾಲು. ಒಂದು ಕಡೆ ಕಾಲುವೆಯನ್ನು ಅಗಲ ಮಾಡಿ ಹಂಸದ ಆಕಾರದ ದೋಣಿ ಬಿಟ್ಟಿದ್ದಾರೆ. ನಾನು ನಿವೃತ್ತನಾದ ಮೇಲೆ ಆ ಕಡೆ ಹೋಗಿರಲಿಲ್ಲ. ಸುಧಾ ವಾರಕ್ಕೊಮ್ಮೆ ಭಜನೆಯ ಗೆಳತಿಯರ ಜೊತೆ ಹೋಗುತ್ತಿದ್ದಳು. ಆ ರವಿವಾರ, "ನೀವು ಜೀವಮಾನ ಕಾಯ್ದ ಕಾಲಿವಿ, ಒಮ್ಮೆ ನೋಡಬಾರದೇನು? ನನಗ ಹಂಸದಾಗ ಕೂಡೋದದ" ಎಂದು ಹೊರಡಿಸಿದಳು.

ಹೋಗಿ ನೋಡಿದರೆ ನನಗೆ ದಿಕ್ಕು ತಪ್ಪಿತು. ನಾನು ಮೊಣಕಾಲು ಕೆಸರಿನಲ್ಲಿ ನಿಲ್ಲುತ್ತಿದ್ದಲ್ಲಿ ಐಸ್‌ಕ್ರೀಂ ಮಾರುತ್ತಿದ್ದರು. ಎಮ್ಮೆ ಮೈ ತೊಳೆಯುವ ಇಳಿಜಾರಿನಲ್ಲಿ ಹೊಸ ಮದುಮಕ್ಕಳ ಫೋಟೋ ತೆಗೆಯುತ್ತಿದ್ದರು. ಹಾಡು ಹಚ್ಚಿದ್ದರು, ಕಾರಂಜಿ ಅದಕ್ಕೆ ತಕ್ಕಂತೆ ಕುಣಿಯುತ್ತಿತ್ತು. ನನ್ನ ಕಾಲುಗಳು ತಾವೇ ತಾಳ ಹಾಕಿದವು. ಆಗ ಹಲಗೆ ಕಂಡಿತು. ನನ್ನದೇ ಹಲಗೆ. ಹೊಸ ಬಣ್ಣ ಬಳಿದು, ಸುತ್ತ ಸಣ್ಣ ದೀಪ ಹಚ್ಚಿ, ದಂಡೆಯ ಕಟ್ಟೆಯ ಮೇಲೆ ನಿಲ್ಲಿಸಿದ್ದಾರೆ. ತಾಯಂದಿರು ಮಕ್ಕಳನ್ನು ಅದಕ್ಕೆ ಬೆನ್ನು ಹಚ್ಚಿ ನಿಲ್ಲಿಸಿ ಎತ್ತರ ನೋಡುತ್ತಿದ್ದರು. "ಮೂರು ಅಡಿ ಮ್ಯಾಲ ಆಗ್ಯಾನ ನೋಡ್ರಿ ನಮ್ಮ ಬಾಳ್ಯಾ" ಎಂದು ಒಬ್ಬಾಕೆ ಹಿಗ್ಗಿದಳು. ಹಲಗೆ ಈಗ ಸರಿಯಾಗಿ ನಿಂತಿತ್ತು. ಬಾಳ್ಯಾ ಬೆಳೆದದ್ದು ನಿಜ.

ಹಂಸದಲ್ಲಿ ಕುಳಿತೆವು. ಕಾಲಿನಿಂದ ತುಳಿಯಬೇಕು, ತಿರುಗಿಸುವ ಹಿಡಿಕೆ ನನ್ನ ಕೈಯಲ್ಲಿ. ನಾನು ಅದನ್ನು ಒಂದೇ ಕಡೆಗೆ ಒತ್ತಿ ಹಿಡಿದಿದ್ದೆನಂತೆ, ನನಗೆ ತಿಳಿಯಲಿಲ್ಲ. ಹಂಸ ಗರಗರ ಸುತ್ತತೊಡಗಿತು. ಹಲಗೆ ಎದುರಿಗೆ ಬಂತು, ಹೋಯಿತು, ಮತ್ತೆ ಬಂತು. ಸುಧಾ ನಗುತ್ತ, "ತಲಿ ತಿರಗತದ, ಸಾಕು ಮಾಡ್ರಿ" ಎಂದಳು. ದಂಡೆಯ ಮೇಲೆ ದೋಣಿ ಕಾಯುವ ಹೆಂಗಸು ಸೀಟಿ ಊದಿ ಕೈ ಬೀಸಿದಳು. ನನಗೂ ತಲೆ ತಿರುಗುತ್ತಿತ್ತು. ಅದೇ ಗುಂಗಿನಲ್ಲಿ, ಮೂರನೆಯ ಸುತ್ತಿನಲ್ಲಿ, ಎಲ್ಲವನ್ನೂ ಹೇಳಿಬಿಟ್ಟೆ. ಕುಣಿ, ಕುಸ್ತಿ, ಗೋಡೆ, ಗಂಗವ್ವ.

ಸುಧಾ ನಗು ನಿಲ್ಲಿಸಿದಳು. "ಐದನೇ ಪಾವಟಿಗಿ ಮ್ಯಾಲ ಬಗ್ಗಿ ಒಗದು ನಡಾ ನೋಯಿಸಿಕೊಂಡಾಕಿ ನಾನು. ನನಗ ಸುಮ್ಮನಿರು ಅಂದ್ರಿ."

"ಅಂದೆ."

"ಗಂಗವ್ವನ ಅಂಗಡಿ ಈಗ ಆಚಿ ದಂಡಿಗೇ ಅದ. ಹಿಡಿಕಿ ಬಿಡ್ರಿ, ನಾ ಹಿಡಿತೀನಿ" ಎಂದು ಹಂಸವನ್ನು ನೆಟ್ಟಗೆ ಆ ದಂಡೆಗೆ ಒಯ್ದಳು.

ಅಂಗಡಿಯ ಮುಂದೆ ಜನರ ಸಾಲಿತ್ತು. ಗಂಗವ್ವ ಕನ್ನಡಕಕ್ಕೆ ದಾರ ಕಟ್ಟಿಕೊಂಡು ಎಣ್ಣೆಯಲ್ಲಿ ಮಿರ್ಚಿ ತಿರುವುತ್ತಿದ್ದಳು. "ಬರ್ರಿ ಬಾಯಾರ. ಇವತ್ತ ಯಜಮಾನ್ರೂ ಬಂದಾರಲ್ಲ. ನಮ್ಮ ಗಾಡಿ ಕಂಡ್ರ ಹಾದಿ ಬದಲಿ ಮಾಡತಿದ್ರು. ಮಡಿಗೆ ಬರೂದಿಲ್ಲೇನೋ ಅನ್ನಕೊಂಡಿದ್ದೆ."

"ಮಡಿ ಅಲ್ಲ ಗಂಗವ್ವಾ" ಎಂದೆ. "ಆ ವರ್ಷ ನೀರು ಯಾರೂ ಕದ್ದಿದ್ದಿಲ್ಲ. ಹಲಿಗಿ ಒಂದು ಗೇಣು ತಗ್ಗಿನ್ಯಾಗ ನೆಟ್ಟಿದ್ದೆ. ಗೊತ್ತಿದ್ದೂ ಸಾಹೇಬ್ರ ಮುಂದ ಸರಿ ಅದ ಅಂದೆ."

ಆಕೆ ಬಾಣಲೆಯಲ್ಲಿದ್ದ ಮಿರ್ಚಿಯನ್ನು ಒಂದೊಂದಾಗಿ ತೆಗೆದು ಹಾಕಿದಳು. ಸಾಲಿನಲ್ಲಿದ್ದ ಒಬ್ಬ, "ಗಂಗವ್ವಾ, ಎರಡ ಪ್ಲೇಟ" ಎಂದ. "ತಡಿಯೋ, ನನ್ನ ಕೇಸು ನಡದೈತಿ" ಎಂದು ಒಲೆ ಸಣ್ಣದು ಮಾಡಿದಳು.

"ಯಾಕ ಹೇಳಲಿಲ್ಲ?"

"ಅಂಜಿಕಿ. ಮೊದಲ ಸಾಹೇಬರದು, ಆಮ್ಯಾಲ ನಿಂದು."

"ನನ್ನ ಅಂಜಿಕಿ, ನನ್ನ ಹೆಸರ ಗ್ವಾಡಿ ಮ್ಯಾಲ ಬರಿಬೇಕಾದ್ರ ಬರಬೇಕಿತ್ತು."

ನಾನು ಕಾಲು ಮುಟ್ಟಲು ಬಗ್ಗಿದೆ. "ಬಗ್ಗಬ್ಯಾಡ್ರಿ, ನಡಾ ಹಿಡದ್ರ ಎಬ್ಬಸಾಕೂ ನಾನ ಬರಬೇಕು. ನನಗ ಹೇಳಿದ್ರ ಏನ ಬಂತು? ನಾ ಕದ್ದಿಲ್ಲ ಅನ್ನೂದು ನನಗ ಅವತ್ತ ಗೊತ್ತಿತ್ತು. ಗೊತ್ತಿಲ್ಲದವರಿಗೆ ಹೇಳ್ರಿ" ಎಂದು ಮೊಬೈಲ್ ತೆಗೆದಳು.

ಮೊದಲು ಸಾಲಹಳ್ಳಿಯಲ್ಲಿರುವ ಗಂಡನ ಮನೆಯ ನೆಗೆಣ್ಣಿಗೆ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿ ನನ್ನ ಬಾಯಿಗೆ ಹಿಡಿದಳು. ಹೇಳಿದೆ. ಆ ಕಡೆಯಿಂದ, "ಅಯ್ಯ, ಅದನ್ನ ನಾ ಎಂದೋ ಮರತೇನಿ" ಎಂಬ ಮಾತು ಬಂತು. "ಹ್ವಾದ ಲಗ್ನದಾಗ ನೆನಪಿತ್ತಲ್ಲ" ಎಂದು ಗಂಗವ್ವ ಕಟ್ ಮಾಡಿದಳು. ಎರಡನೆಯದು ಅವಳ ಹಳ್ಳಿಯ ಹಿರಿಯನಿಗೆ. ಅವನು ಗಂಭೀರವಾಗಿ, "ಇದಕ್ಕ ಸಭಾ ಕರೀಬೇಕಾಕ್ಕೈತಿ" ಎಂದ. "ಕರೀರಿ, ಗಿರಮಿಟ್ಟ ನಂದು" ಎಂದಳು. ಮೂರನೆಯದಕ್ಕೆ ನನ್ನ ನಾಲಿಗೆ ಚೆನ್ನಾಗಿ ಹೊರಳತೊಡಗಿತ್ತು. ಎಷ್ಟೆಂದರೆ, ಸಾಲಿನಲ್ಲಿ ನಿಂತಿದ್ದ ಒಬ್ಬ ಹೆಣ್ಣುಮಗಳು, "ಅಜ್ಜಾರ, ಗೊತ್ತಿದ್ದೂ ಸರಿ ಅದ ಅಂದೆ ಅನ್ನೂದನ್ನ ಈ ಸಲ ಬಿಟ್ರಿ" ಎಂದಳು. ಮತ್ತೆ ಹೇಳಿದೆ, ಅದನ್ನು ಸೇರಿಸಿ. ಸಾಲಿನವರು ತಲೆಯಾಡಿಸಿದರು. ನನಗೆ ನಾಚಿಕೆಯೂ ನಗೆಯೂ ಒಟ್ಟಿಗೆ ಬಂದು, ಗೊಂಬೆಯಂತೆ ನಿಂತೆ.

ನಾಲ್ಕನೆಯ ನಂಬರು ಆಕೆಯ ಮೊಬೈಲಿನಲ್ಲಿ ಇರಲಿಲ್ಲ. ಬಾಯಿಪಾಠದಿಂದ ಒಂದೊಂದೇ ಅಂಕಿ ಒತ್ತಿದಳು. ಈ ಸಲ ನನ್ನ ಬಾಯಿಗೆ ಹಿಡಿಯಲಿಲ್ಲ. ಮೊಬೈಲನ್ನು ಕಟ್ಟೆಯ ಮೇಲಿಟ್ಟು ಕೈ ಹಿಂದೆ ಕಟ್ಟಿಕೊಂಡಳು.

"ಯಾರು?" ಎಂದಿತು ಮುದಿ ದನಿ.

"ಮಲ್ಲಪ್ಪ, ನಾನು ಗೇಜ್ ಭಟ್ಟ" ಎಂದು ಎಲ್ಲ ಹೇಳಿದೆ. ಏನನ್ನೂ ಬಿಡಲಿಲ್ಲ. ಆ ಕಡೆ ಎಲ್ಲೋ ಆಡು ಒದರುವುದು ಕೇಳಿಸಿತು.

"ಆಕಿ ಹೊಲಕ್ಕ ನೀರು ಎಲ್ಲಿಂದ ಬಂತು ಮತ್ತ?"

"ಬಸಿ ನೀರು. ಕೊಡದಲೆ ಹೊತ್ತಾಳ."

"ಹಂಗಂತ ಆಕಿ ಹೇಳಿದ್ಲು." ಆಡನ್ನು ಗದರಿಸಿದ. "ನಾ ಗೇಜ್ ನಂಬಿದೆ."

ನಾನು ಮೊಬೈಲಿನ ಕಡೆ ಇನ್ನಷ್ಟು ಬಗ್ಗಿದೆ.

"ನೀವು ಎಲ್ಲಿ ಅದೀರಿ ಈಗ?"

"ಸವದತ್ತಿ ಕಾಲಿವಿ ದಂಡಿಗೆ. ಆಕಿ ಅಂಗಡಿ ಮುಂದ."

ಫೋನು ಕಟ್ ಆಯಿತು.

ಗಂಗವ್ವ ಒಲೆ ದೊಡ್ಡದು ಮಾಡಿದಳು. "ನಿಮಗ ಮಾಫಿ ಗೀಫಿ ಇಲ್ಲ ಭಟ್ರ. ಕುಂತ್ರಿ ಅಲ್ಲಿ, ಉಳ್ಳಾಗಡ್ಡಿ ಹೆಚ್ಚರಿ. ಗಿರಾಕಿ ನಿಂತಾರ" ಎಂದಳು. ಸುಧಾ ಸೆರಗು ಸಿಕ್ಕಿಸಿ ಪ್ಲೇಟು ತೊಳೆಯಲು ನಿಂತಳು. ನಾನು ಸ್ಟೂಲಿನ ಮೇಲೆ ಕುಳಿತು ಹೆಚ್ಚಿದೆ. ಉಳ್ಳಾಗಡ್ಡಿಯ ಘಾಟಿಗೆ ಕಣ್ಣೀರು ಸುರಿಯುತ್ತಿತ್ತು, ಒಳಗಿಂದ ನಗು ಉಕ್ಕುತ್ತಿತ್ತು, ಮೂಗು ಒರೆಸಲು ಕೈ ಖಾಲಿ ಇರಲಿಲ್ಲ. ಮಾಫಿ ಇಲ್ಲ ಎಂದು ಒಬ್ಬರ ಬಾಯಿಂದ ಕೇಳಿದ್ದಕ್ಕೆ ಮನುಷ್ಯನಿಗೆ ಇಷ್ಟು ಹಗುರಾಗುತ್ತದೆಂದು ಮೊದಲೇ ಗೊತ್ತಿದ್ದರೆ ಇಪ್ಪತ್ತಾರು ವರ್ಷ ಊರು ಸುತ್ತುತ್ತಿರಲಿಲ್ಲ. ಆದರೆ ಆ ವರ್ಷಗಳು ನನ್ನವಲ್ಲ, ಆಕೆಯವು. ಹುಡುಗರೇ, ತಪ್ಪು ಮಾಡುತ್ತೀರಿ, ಎಲ್ಲರೂ ಮಾಡುತ್ತಾರೆ. ಆ ವಾರವೇ ಹೇಳಿ. ತಡವಾದಷ್ಟೂ ಅದಕ್ಕೆ ಬೇರೆಯವರ ದಿನಗಳು ಖರ್ಚಾಗುತ್ತವೆ.

ಮುಕ್ಕಾಲು ತಾಸಿನ ಮೇಲೆ ದಂಡೆಯ ಆ ತುದಿಗೆ ಒಂದು ಟಂಟಂ ಆಟೋ ನಿಂತಿತು. ಪಟಗ ಸುತ್ತಿದ ಮುದುಕ ಇಳಿದ. ಕಾರಂಜಿಯನ್ನೂ ದೀಪಗಳನ್ನೂ ಹಂಸಗಳನ್ನೂ ಒಂದು ಸಲ ನೋಡಿದ. ಅಂಗಡಿಯ ಹತ್ತಿರ ಬಂದು, ಏನು ಮಾಡಬೇಕೆಂದು ತಿಳಿಯದೆ, ಸಾಲಿನ ಕೊನೆಗೆ ನಿಂತುಕೊಂಡ. ಅವನ ಮುಂದೆ ಹದಿಮೂರು ಜನ. ಗಂಗವ್ವ ತಲೆ ತಗ್ಗಿಸಿ ಕಲಸುತ್ತಿದ್ದಳು. ನನ್ನ ನಾಲಿಗೆಯ ತುದಿಗೆ ಬಂದ ಮಾತನ್ನು ಸುಧಾ ಕಣ್ಣಲ್ಲೇ ತಡೆದಳು. ಸಾಲು ಸರಿಯಿತು. ಮಲ್ಲಪ್ಪ ಒಂದೊಂದೇ ಹೆಜ್ಜೆ ಮುಂದೆ ಬಂದ.

"ಖಾರ ಹೆಂಗಿರಲಿ?" ಎಂದಳು ಗಂಗವ್ವ, ಎಲ್ಲರಿಗೂ ಕೇಳುವಂತೆ, ತಲೆ ಎತ್ತದೆ.

ಅವನು ಎರಡೂ ಕೈ ಕಟ್ಟೆಯ ಮೇಲಿಟ್ಟ. ಆಕೆ ತಲೆ ಎತ್ತಿದಳು.

ಒಲೆಯ ಎಣ್ಣೆ ಚಿಟಿಚಿಟಿ ಅನ್ನುತ್ತಿತ್ತು. ಗಂಗವ್ವ ಮತ್ತೆ ಕೇಳದೆಯೇ ಖಾರದ ಡಬ್ಬಿಯನ್ನು ಬದಿಗೆ ಸರಿಸಿ, ಪುಟಾಣಿ ಹಿಟ್ಟನ್ನು ಎರಡು ಚಮಚ ಹೆಚ್ಚು ಹಾಕಿ, ನಿಧಾನವಾಗಿ ಕಲಸಿ ಪ್ಲೇಟು ಮುಂದೆ ಇಟ್ಟಳು. ಅವನು ಅಲ್ಲಿಯೇ ನಿಂತು ಒಂದು ತುತ್ತು ತಿಂದ. ಇನ್ನೊಂದು ತಿಂದ. ಅಲುಗಲಿಲ್ಲ.

ಹಿಂದಿನಿಂದ ಯಾರೋ, "ಯಜಮಾನ್ರ, ಸ್ವಲ್ಪ ಸರೀರಿ" ಎಂದರು.

"ಅವರು ಅಲ್ಲೇ ನಿಂದರತಾರ" ಎಂದಳು ಗಂಗವ್ವ. "ನೀವು ಈ ಬಾಜೂಲೆ ಬರ್ರಿ."